ಕಣಜದೊಳಗಿನ ಸೀನು

"ನಿಮ್ಮ ಆಯಿ ಎಲ್ಲಿ ಹೋಗ್ಯಾಳ, ಸೀಮಾ?"

"ಗುಡಗೇರಿಗಿ ಹೋಗ್ಯಾಳ್ರಿ."

"ಮುಂಜಾನೆ ಕೇಳಿದ್ರ ಕುಂದಗೋಳಕ್ಕ ಅಂದಿದ್ದಿ."

"ಕುಂದಗೋಳಕ್ಕ ಹೋಗಿ, ಹಂಗ ಗುಡಗೇರಿಗಿ ಹೋಗ್ಯಾಳ್ರಿ."

"ಲಾಕ್‌ಡೌನ್ ಐತಿ, ಬಸ್ಸು ಬಂದ್ ಅದಾವ. ಹೆಂಗ ಹೋದಳವಾ?"

"ನಡಕೋತ ಹೋದಳ್ರಿ," ಎಂದಳು ಸೀಮಾ, ಶಾಲೆಯ ಕಟ್ಟೆಯ ಮೇಲೆ ಹರಿದಾಡುವ ಇರುವೆಗಳನ್ನೇ ನೋಡುತ್ತಾ.

ಎಪ್ಪತ್ತು ವರ್ಷದ ಅಜ್ಜಿ ಮೇ ತಿಂಗಳ ಬಿಸಿಲಿನಲ್ಲಿ ಎರಡೂರು ನಡೆದುಕೊಂಡು ಹೋಗಿದ್ದಾಳೆ ಎಂದರೆ ಯಾರು ನಂಬುತ್ತಾರೆ? ಸುಳ್ಳು ಹೇಳುವುದಕ್ಕೂ ಒಂದು ತಯಾರಿ ಬೇಕು. ಐದನೆಯ ತರಗತಿಯ ಸೀಮಾಗೆ ಅದು ಸಾಲದು. ನಾಜಿಮಾ ಅಕ್ಕಾರು ಬೈಯಲಿಲ್ಲ, ಮಾಸ್ಕ್ ಸರಿಮಾಡಿಕೊಂಡು ಸುಮ್ಮನೆ ನಿಟ್ಟುಸಿರು ಬಿಟ್ಟರು. ಅವರು ಊರಿನ ಆಶಾ ಕಾರ್ಯಕರ್ತೆ. ಮುಂಜಾನೆಯಿಂದ ಓಣಿ ಓಣಿ ತಿರುಗಿ, "ವ್ಯಾಕ್ಸಿನ್ ಬಂದೈತಿ, ಬರ್ರಿ" ಎಂದು ಕರೆದು ಅವರ ಗಂಟಲು ಒಣಗಿಹೋಗಿತ್ತು.

ಶಾಲೆ ಮುಚ್ಚಿ ವರ್ಷದ ಮೇಲಾಗಿತ್ತು. ಇವತ್ತು ಅದರ ಪಡಸಾಲೆಯಲ್ಲಿ ಹುಡುಗರ ಬದಲು ಹಿರಿಯರು ಕುಳಿತಿದ್ದರು. ಒಬ್ಬೊಬ್ಬರ ನಡುವೆ ಎರಡು ಮೊಳ ಜಾಗ. ನಾಜಿಮಾ ಅಕ್ಕಾರು ಮತ್ತೆ ಎಣಿಸಿದರು. ಒಂಬತ್ತು ಮಂದಿ.

"ಒಂಬತ್ತು ಮಂದಿ ಅದೀವಿ, ಸಾಲಂಗಿಲ್ಲೇನ್ರಿ?" ಎಂದು ಗುಡದಪ್ಪಜ್ಜ ಕೇಳಿದ. ಹೊಲದ ಮನೆಯಿಂದ ಕೋಲೂರಿಕೊಂಡು ಬಂದ ಮುದುಕ ಅವನು.

ಸವಿತಾ ಸಿಸ್ಟರ್ ಮೇಜಿನ ಹಿಂದೆ ಕುಳಿತಿದ್ದರು. ಮೇಜಿನ ಮೇಲೆ ಒಂದು ನೀಲಿ ಡಬ್ಬಿ. "ಇಲ್ರಿ ಅಜ್ಜಾರ. ಒಂದು ಬಾಟ್ಲಿಯೊಳಗ ಹತ್ತು ಮಂದಿದು ಇರತೈತಿ. ಒಮ್ಮೆ ತಗದ್ರ ನಾಕು ತಾಸಿನೊಳಗ ಹತ್ತೂ ಮಂದಿಗಿ ಹಾಕಬೇಕು. ಉಳಿದದ್ದು ಚೆಲ್ಲಬೇಕಾಕ್ಕೈತಿ. ಎಲ್ಲಾ ಊರಿಗಿ ಸಾಲವಲ್ದು, ಚೆಲ್ಲಾಕ ನನಗ ಮನಸ್ಸು ಬರವಲ್ದು. ಇನ್ನೊಬ್ಬರು ಬರ್ಲಿ."

"ಮೊದಲನೆ ಸಲ ಬಂದಾಗ ಆರು ಮಂದಿ ಇದ್ವಿ. ಹೋದ ವಾರ ಎಂಟು ಆತು. ಇವತ್ತ ಒಂಬತ್ತು," ಎಂದ ಗುಡದಪ್ಪಜ್ಜ. "ಮುಂದಿನ ವಾರ ಹತ್ತು ಆಗತೈತಿ ಬಿಡ್ರಿ, ಅಲ್ಲೀತನಕ ನಾ ಇದ್ರ."

ಒಬ್ಬಿಬ್ಬರು ನಕ್ಕರು. ಸೀಮಾಗೆ ನಗು ಬರಲಿಲ್ಲ.

ಅವಳು ಮೇಜಿನ ಹತ್ತಿರ ಸರಿದು, "ಆ ಬಾಟ್ಲಿ ತೋರಸ್ರಿ ಸಿಸ್ಟರ್," ಎಂದಳು. ಸವಿತಾ ಸಿಸ್ಟರ್ ಡಬ್ಬಿಯ ಮುಚ್ಚಳ ಎತ್ತಿದರು. ಒಳಗಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಐಸಿನ ನಡುವೆ ಒಂದು ಸಣ್ಣ ಗಾಜಿನ ಬಾಟಲಿ. ಆಯಿಯ ಹೆಬ್ಬೆರಳಿನಷ್ಟೂ ಇರಲಿಲ್ಲ.

"ಇಷ್ಟರಾಗ ಹತ್ತು ಮಂದಿದು ಐತೇನ್ರಿ?"

"ಐತಿ. ಒಬ್ಬರಿಗಿ ಹತ್ತು ಹನಿ ಅಂತ ತಿಳಕೊ. ತಯಾರಾದ ಫ್ಯಾಕ್ಟರಿಯಿಂದ ಇಲ್ಲೀತನಕ ವಿಮಾನದಾಗ, ಗಾಡಿಯಾಗ, ಕಡೀಕ ನನ್ನ ಸ್ಕೂಟಿ ಮ್ಯಾಲ ಬಂದೈತಿ. ದಾರಿಯಾಗ ಒಂದು ತಾಸು ಸೈತ ಬಿಸಿಲು ಕಂಡಿಲ್ಲ."

ಸೀಮಾ ಬಾಟಲಿಯನ್ನೇ ನೋಡಿದಳು. ಈ ರೋಗ ಶಾಲೆ ಮುಚ್ಚಿಸಿತ್ತು. ಗುಡಗೇರಿಯ ಸಂತೆ ನಿಲ್ಲಿಸಿತ್ತು, ರೈಲು ನಿಲ್ಲಿಸಿತ್ತು. ಬಾಜೂ ಮನೆಯ ಮಲ್ಲಮ್ಮಜ್ಜಿಯನ್ನು ಆಸ್ಪತ್ರೆಗೆ ಒಯ್ದವರು ಹೊಳ್ಳಿ ಕರೆತಂದಿರಲೇ ಇಲ್ಲ. ಇಡೀ ಜಗತ್ತಿಗೆ ಬೀಗ ಹಾಕಿಸಿದ ರೋಗಕ್ಕೆ ಹತ್ತೇ ಹತ್ತು ಹನಿ. ಅವಳ ಮೈ ಜುಮ್ಮೆಂದಿತು.

"ನಾಕರೊಳಗ ಹತ್ತು ಮಂದಿ ಆಗದಿದ್ರ ನಾ ಹೊರಡಬೇಕು," ಎಂದು ಸಿಸ್ಟರ್ ಮುಚ್ಚಳ ಹಾಕಿದರು. ಗೋಡೆಯ ಗಡಿಯಾರದಲ್ಲಿ ಮೂರು ಹೊಡೆದಿತ್ತು.

ಆಯಿ ಎಲ್ಲಿದ್ದಾಳೆ ಎಂದು ಸೀಮಾಗೆ ಚೆನ್ನಾಗಿಯೇ ಗೊತ್ತಿತ್ತು. "ನನ್ನ ಆಣಿ ಐತಿ, ಯಾರಿಗೂ ಹೇಳಬ್ಯಾಡ" ಎಂದು ಮುಂಜಾನೆಯೇ ಆಯಿ ಸೀಮಾಳ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡಿದ್ದಳು. ಯಾರಿಗೂ ಹೇಳಬಾರದು, ಸರಿ. ಆದರೆ ಆಯಿಯನ್ನೇ ಹೋಗಿ ಕೇಳಬಾರದು ಎಂದು ಆಣೆಯಲ್ಲಿ ಇರಲಿಲ್ಲವಲ್ಲ. ಸೀಮಾ ಮನೆಯ ಕಡೆ ಓಡಿದಳು.

ಸೂಜಿ ಮಾಡಿಸಿಕೊಂಡವರು ಎರಡೇ ವರ್ಷ ಬದುಕುತ್ತಾರಂತೆ ಎಂದು ಅವಳ ಕ್ಲಾಸಿನ ಕೃಷ್ಣಾ ಅವರಪ್ಪನ ಮೊಬೈಲ್ ತೋರಿಸಿ ಹೇಳಿದ್ದ. ಅದು ಸುಳ್ಳು ಎಂದು ನಾಜಿಮಾ ಅಕ್ಕಾರು ಹೇಳಿದ್ದರು. ಮಾಡಿಸಿಕೊಂಡರೆ ಆಯಿಗೆ ಏನಾಗುತ್ತದೋ ಎಂಬ ಹೆದರಿಕೆ, ಬಿಟ್ಟರೆ ಮಲ್ಲಮ್ಮಜ್ಜಿಯ ಹಾಗೆ ಆಗುತ್ತದೋ ಎಂಬ ಹೆದರಿಕೆ. ಇರುವವಳು ಒಬ್ಬಳೇ ಆಯಿ, ಪರೀಕ್ಷೆ ಮಾಡಿ ನೋಡಲು ಬರುವಂತಿಲ್ಲ.

ಮನೆಯ ಹಿಂದೆ ಕುರಿ ದಡ್ಡಿ. ಅಪ್ಪ ಯಲ್ಲೇಶ ಕುರಿಗಳನ್ನು ಹೊಡೆದುಕೊಂಡು ಅಡವಿಗೆ ಹೋಗಿದ್ದ, ಅವ್ವ ಹೊಲಕ್ಕೆ ಹೋಗಿದ್ದಳು. ದಡ್ಡಿಯ ಮೂಲೆಯಲ್ಲಿ ಹಳೆಯ ಕಣಜವನ್ನು ಅಡ್ಡ ಕೆಡವಿದ್ದರು. ಜೋಳ ತುಂಬಿಡಲು ಬಿದಿರಿನಿಂದ ಹೆಣೆದು, ಸೆಗಣಿ ಬಳಿದ ದೊಡ್ಡ ಬುಟ್ಟಿ ಅದು. ನಿಲ್ಲಿಸಿದರೆ ಅಪ್ಪನ ಎತ್ತರ. ಅದರ ಬಾಯಿಗೆ ಕಂಬಳಿ ಇಳಿಬಿಟ್ಟಿತ್ತು.

ಅಡಗುವ ಜಾಗವೇನೋ ಚಲೋದೇ. ಆದರೆ ಆಯಿ ಬಾಟಲಿ ಹಾಲು ಕುಡಿಸಿ ಸಾಕಿದ ಕುರಿಮರಿ ಕಂಬಳಿಯ ಮುಂದೆ ನಿಂತು ಬ್ಯಾ ಬ್ಯಾ ಎಂದು ಒಂದೇ ಸಮನೆ ಕರೆಯುತ್ತಿತ್ತು.

"ಹೋಗಲೇ, ಹಚ್ಚಾ," ಎಂದು ಕಂಬಳಿ ಪಿಸುಗುಟ್ಟಿತು.

ಸೀಮಾ ಕಂಬಳಿ ಸರಿಸಿ ಒಳಗೆ ತೂರಿದಳು. ಆಯಿ ಮೊಣಕಾಲು ಅಪ್ಪಿಕೊಂಡು ಕುಳಿತಿದ್ದಳು. ಕುಂಕುಮ ಬೆವರಿಗೆ ಇಳಿದಿತ್ತು.

"ಹೋದ್ರಾ ಅವರು?"

"ಇಲ್ಲ. ಒಂಬತ್ತು ಮಂದಿ ಕುಂತಾರ. ನೀ ಬಂದ್ರ ಹತ್ತು. ಹತ್ತು ಆಗೂತನಕ ಬಾಟ್ಲಿ ತಗಿಯಂಗಿಲ್ಲಂತ. ಗುಡದಪ್ಪಜ್ಜ ಮೂರನೆ ಸಲ ಬಂದಾನ. ಪಾಪ ಅನಸ್ತೈತಿ ಬೇ."

ಆಯಿ ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡಳು.

"ನಿನಗ ಸೂಜಿ ಅಂದ್ರ ಅಷ್ಟು ಅಂಜಿಕಿ ಐತೇನು?"

"ಸೂಜಿಗಿ ಯಾರು ಅಂಜತಾರ? ಮುಳ್ಳು ತುಳದು ತುಳದು ನನ್ನ ಕಾಲು ಜರಡಿ ಆಗೈತಿ," ಎಂದಳು ಆಯಿ. ಆಮೇಲೆ ಸೀರೆಯ ಸೆರಗು ಸರಿಸಿ ಎಡ ಮುಂಗೈ ಮುಂದೆ ಚಾಚಿದಳು. ಅಲ್ಲಿ ಎರಡು ದುಂಡನೆಯ ಕಲೆಗಳಿದ್ದವು. ಸೀಮಾ ಹುಟ್ಟಿದಾಗಿನಿಂದ ನೋಡಿದ ಕಲೆಗಳು. ರಾತ್ರಿ ಆಯಿಯ ಪಕ್ಕ ಮಲಗಿದಾಗ ಅವುಗಳ ಮೇಲೆ ಬೆರಳಾಡಿಸುತ್ತಲೇ ಅವಳಿಗೆ ನಿದ್ದೆ ಬರುತ್ತಿತ್ತು. ಏನು ಎಂದು ಕೇಳಿದರೆ, "ಸಣ್ಣಾಕಿದ್ದಾಗಿಂದು" ಎಂದಷ್ಟೇ ಹೇಳಿ ಆಯಿ ಮಾತು ಮುಗಿಸಿಬಿಡುತ್ತಿದ್ದಳು.

ಇವತ್ತು ಮುಗಿಸಲಿಲ್ಲ.

"ನಾ ಆರು ವರ್ಷದಾಕಿ. ನಮ್ಮಕ್ಕ ದುರಗವ್ವ, ಎಂಟು. ಆವಾಗ ದೇವಿ ಬ್ಯಾನಿ ಅಂತ ಇತ್ತು. ಶ್ಯಾಣ್ಯಾರು ಸಿಡುಬು ಅಂತಾರಲ್ಲ, ಅದು. ಮೈತುಂಬ ಗುಳ್ಳಿ ಏಳತಿದ್ದವು. ಅದು ಬರಬಾರದಂತ ಸರ್ಕಾರದವರು ಸೈಕಲ್ ಮ್ಯಾಲ ಬಂದು ಕೈಗಿ ಚುಚ್ಚತಿದ್ರು. ನಮ್ಮವ್ವಗ ಅಂಜಿಕಿ. ಇಂಥಾದೊಂದು ಕಣಜದಾಗ ನಮ್ಮಿಬ್ಬರನ್ನೂ ಅಡಗಿಸಿಟ್ಟಳು."

"ಆಮ್ಯಾಲ?"

"ಜ್ವಾಳದ ಧೂಳು ಮೂಗಿನಾಗ ಹೋತು. ನಾ ಸೀನಿದೆ."

ಸೀಮಾಗೆ ನಗು ಬಂತು. ಆಯಿಯ ಮುಖ ನೋಡಿ ನುಂಗಿಕೊಂಡಳು.

"ನನ್ನ ಹೊರಗ ಜಗ್ಗಿ ಎರಡು ಕಡೆ ಚುಚ್ಚಿದ್ರು. ನಮ್ಮಕ್ಕ ಮೂಗು ಬಾಯಿ ಮುಚ್ಚಕೊಂಡು ಗಪ್‌ಚಿಪ್ ಕುಂತಳು. ಅವರು ಹೋದ ಮ್ಯಾಲ ನಮ್ಮವ್ವ ಆಕಿಗಿ ಬೆಲ್ಲ ಕೊಟ್ಟಳು, ನನಗ ಬಡದಳು. ಮುಂದ ಆರು ತಿಂಗಳಿಗಿ ಊರಾಗ ದೇವಿ ಬ್ಯಾನಿ ಬಂತು. ನಮ್ಮಕ್ಕಗ ಬಂತು. ಒಂದಾ ಕೌದಿಯೊಳಗ ಮಲಗತಿದ್ವಿ ನಾವು. ನನಗ ಒಂದು ಗುಳ್ಳಿ ಸೈತ ಏಳಲಿಲ್ಲ. ಆಕಿ ಹೋಗಿಬಿಟ್ಟಳು."

ಸೀಮಾ ಆ ಎರಡು ಕಲೆಗಳನ್ನು ಹೊಸದಾಗಿ ನೋಡುವಂತೆ ನೋಡಿದಳು. ಊರನ್ನೇ ಹೊಕ್ಕ ರೋಗ ಒಂದೇ ಕೌದಿಯೊಳಗೆ ಬಂದು, ಈ ಎರಡು ಕಲೆಗಳ ಮುಂದೆ ನಿಂತು, ಆಯಿಯನ್ನು ಮುಟ್ಟದೆ ಹೋಗಿತ್ತು.

"ಹಂಗಾದ್ರ ಚಲೋ ಆತಲ್ಲ ಬೇ. ಮತ್ಯಾಕ ಈಗ ಅಡಗಿ ಕುಂತಿ?"

"ನಮ್ಮವ್ವ ಸಾಯೂತನಕ ಒಂದಾ ಮಾತು ಅಂದಳು. ಈಕಿ ಚುಚ್ಚಿಸ್ಕೊಂಡಳು, ಅದಕ್ಕ ಈಕೀನ ಬಿಟ್ಟು ದೇವಿ ಆಕೀನ ಒಯ್ದಳು ಅಂತ. ನಾ ಸೂಜಿ ಮಾಡಿಸ್ಕೊಂಡೆ, ನನ್ನ ಬಾಜೂ ಮಲಗಾಕಿ ಹೋದಳು. ಈಗ ನನ್ನ ಬಾಜೂ ಮಲಗಾಕಿ ಯಾರು, ಹೇಳು?"

ಆಯಿಯ ಬಾಜೂ ಮಲಗುವವಳು ಸೀಮಾನೇ. ಎಪ್ಪತ್ತು ವರ್ಷದ ಮುದುಕಿ ಮಂಡಿನೋವು ಕಟ್ಟಿಕೊಂಡು ಈ ಕಣಜದೊಳಗೆ ಹೊಕ್ಕಿದ್ದು ತನ್ನ ಜೀವ ಉಳಿಸಿಕೊಳ್ಳಲು ಅಲ್ಲ. ಸೀಮಾ ಆಯಿಯ ಮುಂಗೈ ಹಿಡಿದುಕೊಂಡು ಕಲೆಗಳ ಮೇಲೆ ಬೆರಳಾಡಿಸಿದಳು. ಯೋಚಿಸಿದಷ್ಟೂ ಒಂದೇ ಪ್ರಶ್ನೆ ಬರುತ್ತಿತ್ತು.

"ಆಯಿ, ದುರಗವ್ವಾಯಿನೂ ಸೀನಿದ್ರ?"

"ಏನು?"

"ಅವತ್ತು ಕಣಜದಾಗ ಆಕಿನೂ ಸೀನಿದ್ರ? ಆಕಿಗೂ ಚುಚ್ಚತಿದ್ರಲ್ಲ. ಆಕಿಗೂ ಹಿಂತಾವು ಎರಡು ಕಲಿ ಆಗತಿದ್ದವಲ್ಲ."

ಆಯಿ ಸೀಮಾಳನ್ನು ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು. ಎಷ್ಟೋ ವರ್ಷ ಹೊತ್ತ ಹೊರೆಯನ್ನು ಎಲ್ಲಿ ಇಳಿಸಬೇಕು ಎಂದು ತಿಳಿಯದವಳಂತೆ ಕುಳಿತಳು.

"ಆಕಿನೂ ಸೀನಿದ್ರ," ಎಂದು ನಿಧಾನಕ್ಕೆ ಹೇಳಿದಳು. "ಇಲ್ಲೇ ಎಲ್ಲೆರ ಇರತಿದ್ದಳು. ಮುದುಕಿ ಆಗಿರತಿದ್ದಳು." ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಇದನ್ನ ನನಗ ಯಾರೂ ಕೇಳಿದ್ದಿಲ್ಲ ನೋಡವಾ."

ನಾಲ್ಕಕ್ಕೆ ಇನ್ನೂ ಹದಿನೈದು ನಿಮಿಷ ಇರುವಾಗ ಆಯಿ ಮೊಮ್ಮಗಳ ಹೆಗಲು ಹಿಡಿದು ಶಾಲೆಯ ಮೆಟ್ಟಿಲು ಹತ್ತಿದಳು. ಹಿಂದೆ ಕುರಿಮರಿ.

"ಬಂದ್ರೇನ್ರಿ ಆಯಿ, ಗುಡಗೇರಿಯಿಂದ?" ಎಂದು ನಾಜಿಮಾ ಅಕ್ಕಾರು ಕೇಳಿದರು.

"ಬಂದೆವ್ವ. ನಡಕೋತ," ಎಂದಳು ಆಯಿ. ಅವಳ ತಲೆಗೂದಲಲ್ಲಿ ಜೋಳದ ಹೊಟ್ಟು ಅಂಟಿತ್ತು. ನಾಜಿಮಾ ಅಕ್ಕಾರು ಅದನ್ನು ನೋಡಿಯೂ ನೋಡದವರಂತೆ ಹತ್ತನೆಯ ಹೆಸರು ಬರೆದುಕೊಂಡರು.

ಸವಿತಾ ಸಿಸ್ಟರ್ ಬಾಟಲಿಯ ನೆತ್ತಿಯ ಮುಚ್ಚಳ ಕಿತ್ತರು. ಮೊದಲು ಗುಡದಪ್ಪಜ್ಜ. ಸೀಮಾ ಕಣ್ಣು ಮಿಟುಕಿಸದೆ ನೋಡಿದಳು. ಒಂದು ಸಿರಿಂಜು, ಎರಡು ಸಿರಿಂಜು, ಪ್ರತಿ ಸಲವೂ ಬಾಟಲಿಯೊಳಗಿನ ನೀರು ಒಂದು ಕೂದಲೆಳೆಯಷ್ಟು ಇಳಿಯುತ್ತಿತ್ತು. ಒಂಬತ್ತು ಮಂದಿ ಎದ್ದು ಹೋದರೂ ತಳದಲ್ಲಿ ಆಯಿಯದು ಉಳಿದಿತ್ತು. ಅಳೆದು ಇಟ್ಟ ಹಾಗೆ, ಹತ್ತೇ ಹನಿ.

ಆಯಿ ಎಡಗೈ ಕೊಟ್ಟಳು. ಸಿಸ್ಟರ್ ಸೆರಗು ಸರಿಸಿದವರು ಮುಂಗೈ ನೋಡಿ ನಿಂತರು.

"ಇವು ಸಿಡುಬಿನ ಸೂಜಿ ಕಲಿ ಅಲ್ಲೇನ್ರಿ ಆಯಿ?"

"ಹೌದವಾ. ದೇವಿ ಬ್ಯಾನಿದು. ಈಗ ಅದು ಯಾವ ಕಡೆ ಬರತೈತಿ?"

"ಎಲ್ಲೂ ಇಲ್ರಿ. ಈ ಊರಾಗ ಅಷ್ಟ ಅಲ್ಲ, ಭೂಮಿ ಮ್ಯಾಲ ಎಲ್ಲೂ ಇಲ್ಲ. ಮಂದಿ ನಿಮ್ಮಂಗ ಚುಚ್ಚಿಸ್ಕೊಂಡು ಚುಚ್ಚಿಸ್ಕೊಂಡು ಅದಕ್ಕ ಹೋಗಾಕ ಮನಿನಾ ಉಳಿಲಿಲ್ಲ. ನಲವತ್ತು ವರ್ಷ ಆತು. ಅದಕ್ಕ ನೋಡ್ರಿ, ನನಗ ಈ ಗುರ್ತಿಲ್ಲ, ಸೀಮಾಗೂ ಇಲ್ಲ."

ಸೂಜಿ ಹೋಗಿದ್ದೂ ಬಂದಿದ್ದೂ ಆಯಿಗೆ ತಿಳಿಯಲಿಲ್ಲ. "ಭೂಮಿ ಮ್ಯಾಲ ಎಲ್ಲೂ ಇಲ್ಲೇನು?" ಎಂದು ಮತ್ತೆ ಕೇಳಿದಳು. "ನನಗ ಯಾರೂ ಹೇಳಲಿಲ್ಲಲ್ಲವಾ."

ಸೀಮಾ ತನ್ನ ಮುಂಗೈ ತಿರುಗಿಸಿ ನೋಡಿಕೊಂಡಳು. ನುಣ್ಣಗಿತ್ತು. ಇಷ್ಟು ದಿನ ಅಲ್ಲಿ ಏನೂ ಇಲ್ಲ ಎಂದುಕೊಂಡಿದ್ದಳು.

ಅರ್ಧ ತಾಸು ಕುಳಿತು ಮನೆಗೆ ಬಂದರು. ದಾರಿಯುದ್ದಕ್ಕೂ ಸೀಮಾ ಹತ್ತು ಸಲ ಆಯಿಯ ಹಣೆ ಮುಟ್ಟಿ ನೋಡಿದಳು. "ಜ್ವರ ನಾಳೆ ಬಂದ್ರ ಬರಬಹುದಂತ. ಇವತ್ತೊಂದು ದಿನ ಬಿಡು ನನ್ನ," ಎಂದು ಆಯಿ ರೇಗಿದಳು.

ದಡ್ಡಿಗೆ ಹೋದವಳೇ ಆಯಿ ಕಣಜದ ಬಾಯಿಯ ಕಂಬಳಿ ಎಳೆದು ಹಾಕಿದಳು. "ಹಿಡಿ, ನಿಲ್ಲಸೂಣು ಇದನ್ನ. ನಾಳೆ ಸೆಗಣಿ ಬಳದು ಜ್ವಾಳ ತುಂಬೂಣು. ಮಂದಿ ಕುಂದ್ರೂ ಜಾಗಾ ಅಲ್ಲ ಇದು."

"ಸೂಜಿ ಆದ ಕೈಲೆ ಎತ್ತಬ್ಯಾಡ ಬೇ."

"ಬಲಗೈ ಐತಲ್ಲ."

ಇಬ್ಬರೂ ಸೇರಿ ದೂಡಿದರು. ಕಣಜ ಗಿರಕಿ ಹೊಡೆದು ಎದ್ದು ನಿಂತಿತು. ಒಳಗಿನ ಹಳೆಯ ಧೂಳೆಲ್ಲ ಭುಸ್ಸೆಂದು ಮೇಲೆದ್ದು ಸಂಜೆಯ ಬಿಸಿಲಿನಲ್ಲಿ ಹೊಳೆಯಿತು.

ಆಯಿ ಸೀನಿದಳು. ಕುರಿಮರಿ ಬೆದರಿ ಹಿಂದೆ ಸರಿಯುವಷ್ಟು ಜೋರಾಗಿ. ಸೀನಿದವಳು ಹಾಗೇ ಕಣಜ ಹಿಡಿದು ನಿಂತುಬಿಟ್ಟಳು. ಮುಖ ಆ ಕಡೆ ತಿರುಗಿತ್ತು. ಕಣಜದೊಳಗಿಂದ ಇನ್ನೊಂದು ಸೀನು ಬರುತ್ತದೇನೋ ಎಂಬಂತೆ ಕಿವಿಗೊಟ್ಟಿದ್ದಳು.

ಸೀಮಾಗೆ ಸೀನು ಬಂದಿರಲಿಲ್ಲ. ಆದರೂ ಅವಳು ಆಯಿಯ ಹತ್ತಿರ ಹೋಗಿ ನಿಂತು, ಬಾಯಿ ಮುಚ್ಚಿಕೊಳ್ಳದೆ, ಓಣಿಗೆಲ್ಲ ಕೇಳುವಂತೆ ಸೀನಿದಳು.