ತೊಟ್ಟಿಲು ತೂಗುವ ಜೋಡಿ ಕೀಲಿ

ಕೀಲಿಗೆ ಹೊಸ ಕೆಲಸ ಕಟ್ಟುವ ಮೊದಲು ಅದರಲ್ಲಿ ಆಗಲೇ ಯಾರ ಕೆಲಸವಿದೆಯೆಂದು ಕಿವಿಗೊಟ್ಟು ಕೇಳಬೇಕು; ಅವರು ಒಪ್ಪಿದರೆ ಮಾತ್ರ ಕಟ್ಟಬೇಕು. ಬಹಳ ಹಿಂದೆ, ಸಪ್ತಕೂಟವೆಂಬ ರಾಜ್ಯದಲ್ಲಿದ್ದ ಕಟ್ಟಳೆ ಇಷ್ಟೇ. ಇಷ್ಟನ್ನೂ ಯಾರೂ ಪಾಲಿಸಲಿಲ್ಲ.

ಅರಮನೆಯಲ್ಲಿ ದಂತದ ಕೀಲಿಮಣೆಯೊಂದಿತ್ತು. ಎರಡು ಕೀಲಿ ಕೂಡಿಸಿ ಒತ್ತಿ, ಬೇಕಾದ ಕೆಲಸ ಹೇಳಿದರೆ ಅದು ಆ ಜೋಡಿಗೆ ಅಂಟಿಕೊಳ್ಳುತ್ತಿತ್ತು. ಹಳೆಯ ಕೆಲಸ ಉದುರಿಹೋಗುತ್ತಿತ್ತು. ಉದುರಿದ್ದನ್ನೆಲ್ಲ ಧೂಮಕರ್ಣನೆಂಬ ಮಾಂತ್ರಿಕ ಚೀಲಕ್ಕೆ ತುಂಬಿಕೊಂಡು ಬಲಿಯುತ್ತಿದ್ದ. ಕೀಲಿಯ ಮೇಲಿಟ್ಟ ಬೆರಳನ್ನು ಯಾರಾದರೂ ಪರರಿಗಾಗಿ ಹಿಂದೆಗೆದರೆ ಮಾತ್ರ ಆ ಚೀಲದ ಗಂಟು ಬಿಚ್ಚುವುದಿತ್ತು. ಅಂಥವರು ಸಿಗುವುದಿಲ್ಲವೆಂದು ಅವನ ಧೈರ್ಯ.

ಚಾಮರ ತಾನೇ ಬೀಸಲಿ ಎಂದು ರಾಜ ಬಂದ. "ಕೇಳುವುದೇನು ಪ್ರಭು, ಒತ್ತಿದರಾಯಿತು," ಎಂದ ಧೂಮಕರ್ಣ. ರಾಜ ಒತ್ತಿದ. ಕಾಲುವೆಯ ತೂಬು ಮುಚ್ಚಿತು.

ನವಿಲು ಕುಣಿಯಲಿ ಎಂದು ರಾಣಿ ಬಂದಳು. "ಕೇಳುವುದೇನು ತಾಯಿ, ಒತ್ತಿದರಾಯಿತು." ರಾಣಿ ಒತ್ತಿದಳು. ದೋಣಿಕಟ್ಟೆಯ ದೀಪ ಆರಿತು.

ಎಲೆಯಡಿಕೆ ಬಾಯಿಗೇ ಬರಲಿ ಎಂದು ಮಂತ್ರಿ ಬಂದ. ಅವನು ಕೇಳುವ ತಂಟೆಗೇ ಹೋಗದೆ ಒತ್ತಿದ. ಕಾಡಿನ ಮಾಯೆಯನ್ನು ತಡೆದಿದ್ದ ಕಾವಲು ಕಳಚಿತು. ಅಂದು ಜೇನಿಗೆ ಹೋಗಿದ್ದ ಬೀರಯ್ಯ ಜಿಂಕೆಯಾಗಿ ಮನೆಗೆ ಬಂದ.

ಬೀರಯ್ಯನ ಹೆಂಡತಿ ನಾಗಲೆ ಜಿಂಕೆಯನ್ನು ಕರೆದುಕೊಂಡು ಅರಮನೆಗೆ ನಡೆದಳು. "ಬುದ್ಧೀ, ಕಾಡಿನ ಕಾವಲು ವಾಪಸು ಕೊಡಿ," ಎಂದು ಮಂತ್ರಿಯನ್ನು ಬೇಡಿದಳು.

"ಎಲೆಯಡಿಕೆ ಇಲ್ಲದಿದ್ದರೆ ನನ್ನ ತಲೆಯೇ ಓಡುವುದಿಲ್ಲವಮ್ಮ."

"ಇದ್ದಾಗ ಎಲ್ಲಿಗೆ ಓಡಿತು, ಬುದ್ಧೀ?"

ಮಂತ್ರಿ ಮುಖ ತಿರುಗಿಸಿಕೊಂಡ. ಧೂಮಕರ್ಣ ಮೆಲ್ಲಗೆ ಅವಳ ಬಳಿ ಬಂದ. "ಹೊತ್ತು ಮುಳುಗಿದರೆ ಇವನು ನಿನ್ನ ಗುರುತು ಮರೆತು ಕಾಡು ಸೇರುತ್ತಾನೆ, ಮಗಳೇ. ಅಗೋ, ಮೂಲೆಯ ಆ ಸಣ್ಣ ಜೋಡಿ. ಒತ್ತಿ, ಗಂಡ ಮನುಷ್ಯನಾಗಲಿ ಅನ್ನು."

ನಾಗಲೆ ಬೆರಳಿಟ್ಟಳು. ಜಿಂಕೆ ಅವಳ ಭುಜಕ್ಕೆ ಮೂತಿಯೊರಗಿಸಿತು. ಮೈಯಿಂದ ಇನ್ನೂ ಜೇನಿನ ವಾಸನೆ ಬರುತ್ತಿತ್ತು. ಆದರೂ ಅವಳು ಬಗ್ಗಿ ಕೀಲಿಗೆ ಕಿವಿಗೊಟ್ಟಳು. ಒಳಗೆ ತೊಟ್ಟಿಲೊಂದು ಕಿರುಗುಟ್ಟುತ್ತಿತ್ತು. ನಿದ್ದೆಯಲ್ಲಿರುವ ಕೂಸಿನ ಉಸಿರು.

"ಯಾರ ಕೂಸು?"

"ನೇಕಾರರ ಕೇರಿಯದು. ತಾಯಿ ಇಲ್ಲ, ಅಪ್ಪ ಮಗ್ಗದ ಮುಂದೆ. ತೊಟ್ಟಿಲು ನಿಂತರೆ ಅತ್ತೀತು, ಅಷ್ಟೇ."

"ಅದನ್ನು ಕೇಳಬೇಡವೆ?"

ಧೂಮಕರ್ಣ ನಕ್ಕ. "ಮಾತು ಬಾರದ ಕೂಸನ್ನು ಏನೆಂದು ಕೇಳುತ್ತೀ?"

"ಒಪ್ಪಿದೆ ಅನ್ನಲು ಅದಕ್ಕೆ ಬಾರದು," ಎಂದಳು ನಾಗಲೆ. "ಹಾಗಾದರೆ ಒಪ್ಪಿಲ್ಲವೆಂದೇ ಲೆಕ್ಕ."

ಮುಂದಿನದನ್ನು ಸಪ್ತಕೂಟದಲ್ಲಿ ಎಲ್ಲರೂ ಬಲ್ಲರು. ಚೀಲದ ಗಂಟು ಬಿಚ್ಚಿತು, ಧೂಮಕರ್ಣ ಹೊಗೆಯಾಗಿ ಹೋದ. ಗದ್ದೆಗೆ ನೀರು, ಕಟ್ಟೆಗೆ ದೀಪ, ಕಾಡಿಗೆ ಕಾವಲು ಮರಳಿದವು. ಬೀರಯ್ಯ ಮನುಷ್ಯನಾಗಿ ನಾಗಲೆಯೊಡನೆ ಮುಪ್ಪಿನವರೆಗೂ ಬಾಳಿದ. ರಾಜನಾದಿಯಾಗಿ ಎಲ್ಲರೂ ಕೇಳಿಯೇ ಕೀಲಿ ಮುಟ್ಟುವುದನ್ನು ಕಲಿತು ನೆಮ್ಮದಿಯಿಂದಿದ್ದರು.

ಆದರೆ ಆ ಗಳಿಗೆಯಲ್ಲಿ ನಾಗಲೆಗೆ ಇದ್ಯಾವುದೂ ಗೊತ್ತಿರಲಿಲ್ಲ. ಹೊತ್ತು ಮುಳುಗುತ್ತಿತ್ತು. ಅವಳು ಎಡಗೈಯಲ್ಲಿ ಜಿಂಕೆಯ ಕೊರಳನ್ನು ತಬ್ಬಿಕೊಂಡು, ಕೂಸು ಎಚ್ಚರಗೊಳ್ಳದಂತೆ, ಬಲಗೈಯ ಬೆರಳುಗಳನ್ನು ಒಂದೊಂದಾಗಿ ಕೀಲಿಯಿಂದ ಎತ್ತಿದಳು.