ನಾಲ್ಕು ಬರೆದ ಮರ

"ಕೈ ತೆಗೀರಿ ಮರದ ಮೇಲಿಂದ..."

ಡೆಲ್ಫಿನಾ ಬೆಚ್ಚಿಬಿದ್ದಳು. ಕೈಲಿದ್ದ ಚಾಕು, ಆಗಷ್ಟೇ ಕೆತ್ತಿದ ಅಂಗೈಯಗಲದ ತೊಗಟೆ, ಎರಡೂ ಕೆಳಗೆ ಬಿದ್ದವು.

ಎದುರಿಗೆ ಕೊಡಲಿ ಹೊತ್ತ ಅಮಾರೊ. ಕೊರೂಶ್ ಊರಿನ ಬಾಟಲಿ ಬಿರಡೆಯ ಕಾರ್ಕ್ ಮರಗಳ ತೋಪಿನಲ್ಲಿ ತೊಗಟೆ ಬಿಡಿಸುವವರಲ್ಲಿ ಅವನದೇ ಕೈ ಚುರುಕು, ಅವನದೇ ಬಾಯಿ ಜೋರು.

ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ 4 ಅಂತ ಬರೆದಿತ್ತು. ತನ್ನ ಪ್ರಯೋಗಕ್ಕೆ ಗುರುತು ಮಾಡಿಟ್ಟ ನಾಲ್ಕನೇ ಮರ ಅಂದುಕೊಂಡಿದ್ದಳು ಅವಳು!

"ಅದು 2024ರ ನಾಲ್ಕು, ಡಾಕ್ಟ್ರಮ್ಮ. ಹೋದ ವರ್ಷ ಬಿಡಿಸಿದ್ದು. ಒಂಬತ್ತು ವರ್ಷ ಯಾರೂ ಮುಟ್ಟೋ ಹಾಗಿಲ್ಲ. ಇಷ್ಟೆಲ್ಲ ಓದಿದೀರಿ, ಒಂದು ಮರ ಓದೋಕೆ ಬರಲ್ವಾ?"

ಎಷ್ಟು ಸೊಕ್ಕು ಇವನಿಗೆ... ಆದರೆ ಮರದ ಗಾಯಕ್ಕೆ ಅವನು ಒದ್ದೆ ಮಣ್ಣು ಮೆತ್ತುತ್ತಿದ್ದ ರೀತಿ ನೋಡಿ ಅವಳ ಸಿಟ್ಟು ಇಳಿದುಹೋಯಿತು.

ತಪ್ಪಾಯ್ತು ಅಂದಳು. ತನ್ನ ಕಷ್ಟವನ್ನೂ ಹೇಳಿಕೊಂಡಳು. ತೊಗಟೆಯ ತೆಳು ಹಾಳೆ, ಅದರ ಮೇಲೆ ಸುಟ್ಟ ತೊಗಟೆಯ ಕರಿ ಪುಡಿ, ಇಷ್ಟರಲ್ಲೇ ಬ್ಯಾಟರಿ. ಮತ್ತೆ ಮತ್ತೆ ಚಾರ್ಜ್ ಆಗುತ್ತೆ. ಬಗ್ಗಿಸಿದರೆ ಮಾತ್ರ ಹಾಳೆ ಸೀಳಿ, ಅದಕ್ಕೆ ಜೋಡಿಸಿದ ದೀಪ ಆರುತ್ತೆ. ತಿಂಗಳೊಳಗೆ ಸರಿಹೋಗದಿದ್ದರೆ ಲಿಸ್ಬನ್ನಿನ ಲ್ಯಾಬಿನಲ್ಲಿ ಅವಳ ಕೆಲಸವೇ ಬಂದ್.

ಅಮಾರೊ ನಕ್ಕುಬಿಟ್ಟ. ಬೇಯಿಸದ ತೊಗಟೆ ಎಲ್ಲಾದರೂ ಬಗ್ಗುತ್ತಾ ಅಂದ. ಹಳೇ ರಾಶಿಯಿಂದ ಒಣಗಿದ ತೊಗಟೆ ಹಲಗೆ ತಂದು, ದೊಡ್ಡ ಹಂಡೆಯಲ್ಲಿ ಒಂದು ಗಂಟೆ ಕುದಿಸಿ, ಬಿಸಿ ಇರುವಾಗಲೇ ಒತ್ತಿ ತೋರಿಸಿದ. ಮೂರು ದಿನ ಕಲಿಸಿದ.

ಹೊರಡುವಾಗ ನಾಚಿಕೆಗೆ ಅವಳ ಬಾಯಿಗೆ ಬಂದದ್ದು ಒಂದೇ ಮಾತು... ಕೆಲಸ ಮುಗೀತಲ್ಲ, ಇನ್ನು ಇಲ್ಲಿಗೆ ಯಾಕೆ ಬರ್ಲಿ?

ತಮಾಷೆ ಅದು. 'ನನಗೋಸ್ಕರ ಬಾ' ಅನ್ನಲಿ ಅಂತ ಕಾದಳು. ಅವನು ಕೊಡಲಿ ಎತ್ತಿಕೊಂಡು ಹೊರಟೇಬಿಟ್ಟ. ಆಮೇಲೆ ಫೋನ್ ಕೂಡ ಎತ್ತಲಿಲ್ಲ.

ಹಂಗಾಮಿನ ಕೊನೆಯ ದಿನ ಅವಳೇ ಬಂದಳು. ಬಿಡಿಸಿದ ಮರಗಳಿಗೆ ಅವನು ಈ ವರ್ಷದ 5 ಬರೆಯುತ್ತಿದ್ದ. ಕುಂಚ ನಿಂತಿತು.

"ಕೆಲಸ ಮುಗೀತು ಅಂದಿದ್ರಿ."

ಅವಳು ಅವನ ಮಣಿಕಟ್ಟಿಗೆ ತೊಗಟೆಯ ಕಂದು ಪಟ್ಟಿಯೊಂದನ್ನು ಸುತ್ತಿದಳು. ತುದಿಯಲ್ಲಿ ಕಡಲೆಕಾಳಿನಷ್ಟು ಕೆಂಪು ದೀಪ.

ಅವನು ಕೈ ತಿರುಗಿಸಿದ, ಮಡಿಸಿದ, ಮುಷ್ಟಿ ಬಿಗಿದ. ದೀಪ ಆರಲಿಲ್ಲ. ಮಗುವಿನ ಹಾಗೆ ನಕ್ಕ.

"ಲ್ಯಾಬ್ ಕೆಲಸ ಉಳೀತು. ಅದನ್ನ ಹೇಳೋಕೆ ಬಂದಿಲ್ಲ ಅಮಾರೊ... ನೀನಿಲ್ಲದೆ ಆ ಊರೇ ನಂಗೆ ಸೇರ್ತಿಲ್ಲ."

ಅವನ ಕೈಲಿದ್ದ ಕುಂಚ ಕಿತ್ತುಕೊಂಡು, ಅವನ ಇನ್ನೊಂದು ಅಂಗೈಯ ಮೇಲೆ ದೊಡ್ಡದಾಗಿ 5 ಬರೆದಳು.

"ಇದರ ಅರ್ಥ ಈಗ ಗೊತ್ತಾ?" ಅಂದ ಅಮಾರೊ.

"ಗೊತ್ತು. ಒಂಬತ್ತು ವರ್ಷ ಬೇರೆ ಯಾರೂ ಮುಟ್ಟೋ ಹಾಗಿಲ್ಲ."

"ಆಮೇಲೆ, ಡೆಲ್ಫಿನಾ?"

"ಆಮೇಲೆ ಮತ್ತೆ ನಾನೇ ಬರೀತೀನಿ."