ಕೇಳುವ ಮೊದಲೇ

"ನಿನ್ನ ಕುರ್ಚಿ ಇನ್ನೂ ಕಿರುಗುಟ್ಟುತ್ತಲ್ಲೋ!"

ನಿವೃತ್ತಿಯ ಬೀಳ್ಕೊಡುಗೆ ಭಾಷಣಗಳೆಲ್ಲ ಮುಗಿದು, ಕೊನೆಯ ಸಲ ಲ್ಯಾಬಿಗೆ ಬೀಗ ಹಾಕಲು ಬಂದಿದ್ದ ಪ್ರೊಫೆಸರರು ಬಾಗಿಲಲ್ಲೇ ನಿಂತುಬಿಟ್ಟರು. ಅವರ ಕುರ್ಚಿಯಲ್ಲಿ ಕೂತಿದ್ದ ಆಕೆಯ ಕೂದಲು ನೆರೆತಿತ್ತು, ಮೂಗಿನ ಮೇಲೆ ಕನ್ನಡಕ ಏರಿತ್ತು. ಆದರೆ ಕುರ್ಚಿಯನ್ನು ಅರ್ಧ ತಿರುಗಿಸಿ, ಒಂದೇ ಹುಬ್ಬು ಎತ್ತಿ ನೋಡುವ ಆ ನೋಟ ಹಾಗೇ ಇತ್ತು. ಪ್ರೊಫೆಸರರ ಅರವತ್ತು ದಾಟಿದ ಎದೆ ನಾಚಿಕೆಯಿಲ್ಲದೆ ಹೊಡೆದುಕೊಂಡಿತು.

ಇದೇ ಲ್ಯಾಬಿನಲ್ಲಿ ಇಬ್ಬರೂ ಜೊತೆಯಾಗಿ ಸಂಶೋಧನೆ ಮಾಡಿದವರು. ಆಕೆ ಹೋದ ಮೇಲೆ ಎಲ್ಲಿದ್ದಾಳೆ, ಯಾರ ಜೊತೆ ಇದ್ದಾಳೆ ಎಂದು ವಿಚಾರಿಸುವ ಧೈರ್ಯ ಅವರಿಗೆ ಬಂದಿರಲಿಲ್ಲ. ತಾವಂತೂ ಒಂಟಿಯಾಗೇ ಉಳಿದರು.

"ಒಂದು ಕಾಫಿ..." ಆಕೆ ಶುರುಮಾಡಿದಳು.

"ಸಕ್ಕರೆ ಇಲ್ದೆ, ಅಲ್ವಾ?"

"ಈಗ ಎರಡು ಚಮಚ ಹಾಕ್ಕೋತೀನಿ. ಸ್ವಲ್ಪಾನೂ ಬದಲಾಗಿಲ್ಲ ನೀನು, ಅವಸರದಪ್ಪ."

ಆ ಅಡ್ಡಹೆಸರು ಕೇಳಿ ಎಷ್ಟು ಕಾಲವಾಗಿತ್ತು! ಕಂಪ್ಯೂಟರಿನಲ್ಲಿ ಪ್ರೊಸೆಸರ್ ಚುರುಕು, ಮೆಮೊರಿ ನಿಧಾನ. ಕೇಳಿದ ಮೇಲೆ ಮೆಮೊರಿಯಿಂದ ಮಾಹಿತಿ ತರಲು ಹೊರಟರೆ ಪ್ರೊಸೆಸರ್ ಸುಮ್ಮನೆ ಕಾದು ಕೂರಬೇಕು. ಅದಕ್ಕೇ ಮುಂದೇನು ಬೇಕೆಂದು ಊಹಿಸಿ, ಕೇಳುವ ಮೊದಲೇ ತಂದಿಡುವುದು ಅವರು ಜೀವಮಾನವಿಡೀ ಮಾಡಿದ ಕೆಲಸ. ಊಹೆ ತಪ್ಪಿದರೆ ತಂದದ್ದನ್ನು ಎಸೆದು ಬೇರೆಯದು ತಂದರಾಯಿತು. ಮನುಷ್ಯರ ಮಾತನ್ನೂ ಹೀಗೇ ಅರ್ಧದಲ್ಲಿ ಕಸಿದುಕೊಂಡು ಮುಗಿಸುವ ಚಾಳಿ ಅವರಿಗೆ ಅಂಟಿತ್ತು. ಹೆಚ್ಚಿನ ಸಲ ಅದು ಸರಿಯಾಗಿರುತ್ತಿತ್ತು, ಹಾಗಾಗಿ ಬಿಡಲೂ ಇಲ್ಲ.

"ನಂಗೆ ಆ ಚಿಪ್ ಕಂಪನಿಯಿಂದ ಕೆಲಸ ಬಂದ ದಿನ ನೆನಪಿದ್ಯಾ?"

"ಮರೆಯೋಕಾಗುತ್ತಾ? ನೀನು ಓಡೋಡಿ ಬಂದಿದ್ದೆ, ಹೋಗ್ತೀನಿ ಅನ್ನೋಕೆ."

"ಹೋಗ್ತೀನಿ ಅಂತ ನಾನಂದ್ನಾ?"

ಪ್ರೊಫೆಸರರು ಆ ದಿನವನ್ನು ನೆನಪಿಸಿಕೊಂಡರು. 'ನಾನು ಆ ಕೆಲಸಾನ...' ಎಂದಷ್ಟೇ ಆಕೆ ಅಂದದ್ದು. 'ಒಪ್ಕೊಂಡೆ ತಾನೇ? ಕಂಗ್ರಾಜುಲೇಷನ್ಸ್!' ಎಂದು ಕೈ ಕುಲುಕಿದವರು ಇವರೇ. ಒಳಗಿನ ಸಂಕಟ ಮುಖದಲ್ಲಿ ಕಾಣಬಾರದೆಂದು, ನಿನ್ನ ಮೇಜು ಹೊಸಬರಿಗೆ ಕೊಡ್ತೀನಿ ಎಂದೂ ಸೇರಿಸಿದ್ದರು.

"ಆ ಕೆಲಸ ಬೇಡ ಅಂತ ಅವರಿಗೆ ಹೇಳಿ ಬಂದಿದ್ದೆ ಕಣೋ," ಆಕೆ ಮೆಲ್ಲಗೆ ಹೇಳಿದಳು. "ಮದುವೆ ಆಗ್ತೀಯಾ ಅಂತ ನಿನ್ನ ಕೇಳೋಕೆ. ನೀನು ನೋಡಿದ್ರೆ ಅಷ್ಟು ಖುಷಿಯಾಗಿ ಕಳಿಸೋಕೆ ನಿಂತಿದ್ದೆ. ನಾನು ಇವನಿಗೆ ಬೇಡ ಅಂದ್ಕೊಂಡೆ. ಮಾರನೇ ದಿನ ಫೋನ್ ಮಾಡಿ ಆ ಕೆಲಸಾನೇ ವಾಪಸ್ ಕೇಳ್ಕೊಂಡೆ."

ಇಷ್ಟು ವರ್ಷ ಅವರು, ಆಕೆ ತಮ್ಮನ್ನು ಬಿಟ್ಟು ಹೋದಳೆಂದು ಒಳಗೊಳಗೇ ಕೊರಗಿದ್ದರು. ಅಟ್ಟಿದ್ದು ತಾವೇ.

"ನಿನ್ನ ಬಿಟ್ಟು ಹೇಗಿರೋದು ಅಂತ ನಾನು..." ಅವರ ಮಾತು ಅರ್ಧಕ್ಕೇ ನಿಂತಿತು.

ಆಕೆ ಆ ಮಾತನ್ನು ತಾನು ಮುಗಿಸಲಿಲ್ಲ. ಸುಮ್ಮನೆ ಕಾದಳು.

"ಪ್ರೀತಿಸ್ತಿದ್ದೆ ಕಣೇ. ಈಗಲೂ."

ಆಕೆಯ ಕಣ್ಣು ತುಂಬಿ ಬಂತು, ಅದರ ನಡುವೆಯೇ ನಕ್ಕಳು. "ನೋಡು, ಯಾರಾದ್ರೂ ಕಾದ್ರೆ ಎಷ್ಟು ಚೆನ್ನಾಗಿ ಮಾತಾಡ್ತೀಯ."

ಕೆಳಗೆ ಕಾರಿನ ಹಾರ್ನ್ ಕೇಳಿಸಿತು. ಆಕೆ ಎದ್ದು ನಿಂತಳು. "ನಾನಿನ್ನು..."

ನಾಲಿಗೆಯ ತುದಿಗೆ ಬಂದದ್ದನ್ನು ಪ್ರೊಫೆಸರರು ಹಲ್ಲು ಕಚ್ಚಿ ತಡೆದರು. ಈ ಒಂದು ಊಹೆ ತಪ್ಪಾಗಲಪ್ಪಾ ದೇವರೇ ಎಂದು ಬೇಡಿಕೊಳ್ಳುತ್ತ, ಆಕೆಯ ಮಾತು ಮುಗಿಯಲೆಂದು ಕಾದರು.

"...ಹೊರಡ್ತೀನಿ ಕಣೋ. ನಮ್ಮನೆಯವರು ಕೆಳಗೆ ಕಾಯ್ತಿದ್ದಾರೆ."

ಊಹೆ ಸರಿಯಾಗಿತ್ತು. ಅವರು ಬಾಗಿಲು ತೆರೆದು ಹಿಡಿದು, ಆಕೆಗೆ ದಾರಿ ಬಿಟ್ಟರು.